ವೈದ್ಯನ ಶುಲ್ಕವೂ ದಲಾಲಿಯ ಪಾಲೂ

ಪೇಟೆಯ ವ್ಯವಹಾರದಲ್ಲಿ ದಲಾಲಿ ಎಂಬುದು ನಿಂದ್ಯವಾದ ಶಬ್ದವಲ್ಲ. ಅಡಿಕೆ ಮಂಡಿಯಲ್ಲಾಗಲಿ ಹತ್ತಿಯ ಅಡತಿಯಲ್ಲಾಗಲಿ, ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸಿದವನಿಗೆ ನೂರಕ್ಕೆ ಇಷ್ಟು ಎಂದು ಸಲ್ಲುವುದು ವಾಡಿಕೆ. ಆ ಮೊತ್ತವನ್ನು ಪಟ್ಟಿಯಲ್ಲಿ ಬರೆಯಲಾಗುತ್ತದೆ. ಅದು ಇಬ್ಬರಿಗೂ ತಿಳಿದಿರುತ್ತದೆ. ಹಾಗಿದ್ದ ಮೇಲೆ, ರೋಗಿಯನ್ನು ಸ್ಕ್ಯಾನಿಂಗ್ ಕೇಂದ್ರಕ್ಕೋ ಪ್ರಯೋಗಶಾಲೆಗೋ ದೊಡ್ಡ ಆಸ್ಪತ್ರೆಗೋ ಕಳುಹಿಸಿಕೊಟ್ಟ ವೈದ್ಯನಿಗೆ ಅಲ್ಲಿಂದ ಬರುವ ಪಾಲು ಮಾತ್ರ ಏಕೆ ದೋಷವೆನಿಸಬೇಕು? ವೈದ್ಯರಲ್ಲಿ ಕೆಲವರೂ ಪ್ರಯೋಗಶಾಲೆ ನಡೆಸುವ ವ್ಯಾಪಾರಿಗಳಲ್ಲಿ ಕೆಲವರೂ ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಇದಕ್ಕೆ ಉತ್ತರ ಹೇಳದೆ ಬರಿಯ ಕೋಪ ತೋರುವುದು ಸರಿಯಲ್ಲ.

ಕಾನೂನಿನ ಉತ್ತರ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆಯ ನಿಯಮಾವಳಿಯು ರೋಗಿಯನ್ನು ಕಳುಹಿಸಿದ್ದಕ್ಕಾಗಿ ವೈದ್ಯನು ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದೆ. ಔಷಧ ಸಂಸ್ಥೆಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯಗಳನ್ನು ಸ್ವೀಕರಿಸುವುದು 2009ರ ತಿದ್ದುಪಡಿಯಿಂದ ನಿಷಿದ್ಧವಾಯಿತು. 2020ರಲ್ಲಿ ಪರಿಷತ್ತಿನ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. 2023ರ ಆಗಸ್ಟ್‌ನಲ್ಲಿ ಅದು ಹೊರಡಿಸಿದ ಹೊಸ ನಿಯಮಗಳು ಅದೇ ತಿಂಗಳು ತಡೆಹಿಡಿಯಲ್ಪಟ್ಟು, ಹಳೆಯ ನಿಯಮಾವಳಿಯೇ ಮತ್ತೆ ಜಾರಿಗೆ ಬಂದಿತು. ಆದರೆ ನಿಷೇಧವಿದೆ ಎಂದ ಮಾತ್ರಕ್ಕೆ ಕಾರಣ ತಿಳಿದಂತಾಗದು.

ಕಾರಣವನ್ನು ವ್ಯಾಪಾರದ ಭಾಷೆಯಲ್ಲಿಯೇ ಹುಡುಕಬಹುದು. ಬಟ್ಟೆ ಕೊಳ್ಳುವವನು ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಾನೆ. ಬೆಲೆ ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಎದೆನೋವಿನಿಂದ ಬಂದವನಿಗೆ ಆ ಅವಕಾಶವಿಲ್ಲ. ತನಗೆ ಏನು ಬೇಕೆಂಬುದನ್ನೂ ಅವನು ಮತ್ತೊಬ್ಬರಿಂದಲೇ ಕೇಳಿ ತಿಳಿಯಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ತಿರುಳು ಇದೇ: ವೈದ್ಯನಿಗೂ ರೋಗಿಗೂ ನಡುವೆ ತಿಳಿವಳಿಕೆಯ ಅಂತರ ಬಹು ದೊಡ್ಡದಾದುದರಿಂದ, ಸಾಮಾನ್ಯ ಮಾರಾಟಗಾರನಿಂದ ಬಯಸದ ನಡತೆಯನ್ನು ಸಮಾಜವು ವೈದ್ಯನಿಂದ ಬಯಸುತ್ತದೆ.

ಹಾಗಾದರೆ ವೈದ್ಯನು ಇಲ್ಲಿ ರೋಗಿಯ ಪರವಾಗಿ ಕೊಳ್ಳುವವನು. ಅಂಗಡಿಯ ಯಜಮಾನನು ಸರಕು ತರಲೆಂದು ಗುಮಾಸ್ತನನ್ನು ಸೂರತ್ತಿಗೆ ಕಳುಹಿಸಿದನೆನ್ನಿ. ಆ ಗುಮಾಸ್ತನು ಗಿರಣಿಯವರಿಂದ ಗುಟ್ಟಾಗಿ ಪಾಲು ಪಡೆದು ಬೇಡದ ಥಾನುಗಳನ್ನೂ ಹೊರಿಸಿಕೊಂಡು ಬಂದರೆ, ಯಜಮಾನನು ಅದನ್ನು ದಲಾಲಿ ಎಂದು ಒಪ್ಪುವನೇ? ಕಳವೆನ್ನುವನು, ಮರುದಿನವೇ ಲೆಕ್ಕ ತೀರಿಸಿ ಮನೆಗೆ ಕಳುಹಿಸುವನು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದೊಂದಿದೆ. ಒಳ್ಳೆಯ ಸರಕಿನೊಡನೆ ಕೀಳು ಸರಕನ್ನು ಬೆರೆಸಿ ಮಾರುವುದೆಂದು ಶ್ರಾವಕರೆಲ್ಲ ಅದರ ಅರ್ಥವನ್ನು ಬಲ್ಲರು. ಬೇಕಾದ ಎರಡು ಪರೀಕ್ಷೆಗಳೊಡನೆ ಬೇಡದ ಮೂರನ್ನು ಒಂದೇ ಚೀಟಿಯಲ್ಲಿ ಬರೆಯುವುದು ಅದಕ್ಕಿಂತ ಬಹಳ ದೂರದ್ದೇನಲ್ಲ.

ಆದರೂ ದೋಷವನ್ನೆಲ್ಲ ವೈದ್ಯನ ತಲೆಗೇ ಕಟ್ಟುವುದು ನ್ಯಾಯವಲ್ಲ. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಮೋಹಿನಿ ಜೈನ್ ಪ್ರಕರಣವು ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕವನ್ನು ಕುರಿತದ್ದು. ಆಗ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ; ಹೊರರಾಜ್ಯದ ವಿದ್ಯಾರ್ಥಿಗೆ 60,000 ರೂಪಾಯಿಯವರೆಗೆ. ಖಾಸಗಿ ಕಾಲೇಜುಗಳ ಅಂಕಿಗಳು ಅಂದಿನಿಂದ ಹಲವು ಲಕ್ಷಗಳಿಗೆ ಏರಿವೆ. ಸಾಲ ಮಾಡಿ ಓದಿದವನು ಸಾಲ ತೀರಿಸುವ ದಾರಿಯನ್ನು ನೋಡದಿರಲಾರನು. ಜನರ ನಡವಳಿಕೆಯೂ ವಿಚಿತ್ರವೇ. ಅರ್ಧ ಗಂಟೆ ಕೂರಿಸಿಕೊಂಡು, ನಾಡಿ ಹಿಡಿದು, ಪರೀಕ್ಷೆ ಏನೂ ಬೇಡವೆಂದು ಹೇಳಿದ ವೈದ್ಯನು ಶುಲ್ಕವನ್ನು ಐವತ್ತು ರೂಪಾಯಿ ಹೆಚ್ಚಿಸಿದರೆ ಗೊಣಗುವವರು, ಯಂತ್ರದ ಮುಂದೆ ಮಲಗಿ ಎದ್ದು ಸಾವಿರಾರು ರೂಪಾಯಿಯನ್ನು ಮರುಮಾತಿಲ್ಲದೆ ತೆರುತ್ತಾರೆ. ತಿಳಿವಳಿಕೆಗೆ ಬೆಲೆ ಕೊಡದ ಕಡೆ ತಿಳಿವಳಿಕೆಯುಳ್ಳವನು ಯಂತ್ರದ ಪಾಲನ್ನು ಅಪೇಕ್ಷಿಸುವುದು ಕ್ಷಮ್ಯವಲ್ಲವಾದರೂ ಆಶ್ಚರ್ಯವಲ್ಲ. ಇನ್ನೊಂದು ಮಾತು: ವೈದ್ಯಸೇವೆಯು ಗ್ರಾಹಕ ರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಸೇರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಹೇಳಿದ ಮೇಲೆ, ನಾಳೆ ದಾವೆ ಬಂದೀತೆಂಬ ಅಂಜಿಕೆಯಿಂದ ಬರೆಯುವ ಪರೀಕ್ಷೆಗಳೂ ಇವೆ. ಹೆಚ್ಚು ಪರೀಕ್ಷೆ ಬರೆದವರೆಲ್ಲ ಪಾಲು ತಿಂದವರಲ್ಲ.

ಕೊಡುವವನ ವಿಚಾರವನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಅದನ್ನು ಎತ್ತಿದ್ದು ಆದಾಯ ತೆರಿಗೆ ಇಲಾಖೆ. ಅಪೆಕ್ಸ್ ಲ್ಯಾಬೊರೇಟರೀಸ್ ಎಂಬ ಔಷಧ ಸಂಸ್ಥೆಯು ತನ್ನ ಪೌಷ್ಟಿಕ ಪೂರಕವೊಂದರ ಬಗ್ಗೆ ಅರಿವು ಮೂಡಿಸಲು ವೈದ್ಯರಿಗೆ ನೀಡಿದ ಆತಿಥ್ಯ, ಚಿನ್ನದ ನಾಣ್ಯ, ದೂರದರ್ಶನ ಯಂತ್ರ ಮೊದಲಾದವುಗಳ ಖರ್ಚನ್ನು ವ್ಯಾಪಾರದ ವೆಚ್ಚವೆಂದು ಲೆಕ್ಕದಲ್ಲಿ ತೋರಿಸಿತ್ತು. ನಿಷೇಧವಿರುವುದು ವೈದ್ಯರಿಗೆ, ತನಗಲ್ಲ ಎಂಬುದು ಅದರ ವಾದ. ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ, ತೆಗೆದುಕೊಳ್ಳುವುದು ಕಾನೂನುಬಾಹಿರವಾದರೆ ಕೊಡುವುದಕ್ಕೂ ತೆರಿಗೆಯ ವಿನಾಯಿತಿ ಸಲ್ಲದೆಂದಿತು. ಉಡುಗೊರೆಯ ಖರ್ಚು ಕೊನೆಗೆ ಔಷಧದ ಬೆಲೆಯಲ್ಲಿ ಸೇರಿ ರೋಗಿಯ ಮೇಲೆ ಬೀಳುವುದನ್ನೂ ಗಮನಿಸಿತು. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಬಾಲ್ಯದಿಂದ ಕೇಳಿದವರಿಗೆ ಈ ತೀರ್ಪು ಹೊಸತೆನಿಸಬಾರದು. ಔಷಧದ ಅಂಗಡಿ, ಪ್ರಯೋಗಶಾಲೆಗಳನ್ನು ನಡೆಸುವವರು ಸಮಾಜದಲ್ಲಿ ಅನೇಕರಿದ್ದಾರೆ. ಚತುರ್ವಿಧ ದಾನಗಳಲ್ಲಿ ಒಂದಾದ ಔಷಧದಾನಕ್ಕೆ ಒಂದು ಪುಸ್ತಕ, ವೈದ್ಯರ ಪಾಲಿಗೆ ಇನ್ನೊಂದು ಪುಸ್ತಕ ಇಟ್ಟರೆ ಎರಡಕ್ಕೂ ಹಣ ಬರುವುದು ಅದೇ ರೋಗಿಯ ಜೇಬಿನಿಂದ.

ಪಾಲು ಕೊಡದಿದ್ದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಒಬ್ಬನೇ ನಿಲ್ಲಿಸಿದರೆ ರೋಗಿಗಳು ಎದುರು ಬೀದಿಯ ಕೇಂದ್ರಕ್ಕೆ ಹೋಗುತ್ತಾರೆ, ನಷ್ಟ ನಿಜವಾದದ್ದೇ. ಸಾವಿರ ರೂಪಾಯಿಯ ಪರೀಕ್ಷೆಯಲ್ಲಿ ಮುನ್ನೂರು ಪಾಲಿಗೆ ಹೋಗುತ್ತಿದ್ದರೆ, ಏಳುನೂರೆಂದು ಬಾಗಿಲಲ್ಲಿಯೇ ಫಲಕ ಹಾಕಿ ರೋಗಿಯನ್ನು ನೇರವಾಗಿ ಕರೆಯಬಹುದು. ಊರಿನ ನಾಲ್ಕಾರು ಕೇಂದ್ರಗಳು ಕೂಡಿ ಹೀಗೆ ಮಾಡಿದರೆ ನಷ್ಟ ಹಂಚಿಹೋಗುತ್ತದೆ. ಆರಂಭಿಸಲು ಸುಲಭವಾದ ಸ್ಥಳ ದಾನದಿಂದ ನಡೆಯುವ ಆಸ್ಪತ್ರೆಗಳು. ಅವುಗಳ ವಾರ್ಷಿಕ ಸಭೆಯಲ್ಲಿ ಹಾಸಿಗೆಗಳ ಸಂಖ್ಯೆ, ಹೊಸ ಕಟ್ಟಡದ ಅಂದಾಜು, ಶಿಲಾಫಲಕದಲ್ಲಿ ಹೆಸರುಗಳ ಕ್ರಮ ಇವುಗಳ ಚರ್ಚೆಗೇ ಹೊತ್ತು ಸಾಲದು. ಖರ್ಚಿನ ಪಟ್ಟಿಯಲ್ಲಿ ಪ್ರಚಾರ ವೆಚ್ಚವೆಂಬ ಸಾಲಿನೆದುರಿಗೆ ಇರುವ ಮೊತ್ತ ಯಾರ ಕೈ ಸೇರಿತೆಂದು ಒಬ್ಬ ಸದಸ್ಯನು ಎದ್ದು ನಿಂತು ಕೇಳಬಹುದು. ಲೆಕ್ಕಪರಿಶೋಧಕರು ಅಲ್ಲಿಯೇ ಕುಳಿತಿರುತ್ತಾರೆ.