ದಾರಿ ಯಾರದು?

ಮಹಾಭಾರತದ ವನಪರ್ವದಲ್ಲಿ, ಮೈ ಎಂಟು ಕಡೆ ಡೊಂಕಾದ ಹುಡುಗ ಅಷ್ಟಾವಕ್ರ ಜನಕನ ಯಜ್ಞಶಾಲೆಗೆ ಹೊರಟಾಗ ರಾಜನೇ ಎದುರಾಗುತ್ತಾನೆ. ಯಾರು ಯಾರಿಗೆ ದಾರಿ ಬಿಡಬೇಕು? ದಾರಿ ಕುರುಡನದು, ಕಿವುಡನದು, ಹೆಣ್ಣಿನದು, ಹೊರೆ ಹೊತ್ತವನದು ಎಂದು ಹುಡುಗ ಎಣಿಸುತ್ತಾ ಹೋಗುತ್ತಾನೆ. ರಾಜನ ಹೆಸರು ಬರುವುದು ಅವರೆಲ್ಲರ ನಂತರ. ಬ್ರಾಹ್ಮಣ ಎದುರಾದರೆ ದಾರಿ ಅವನದೇ ಎಂಬ ಮಾತೂ ಅಲ್ಲೇ ಇದೆ, ಅಷ್ಟಾವಕ್ರ ಗೆಲ್ಲುವುದೂ ಅದೇ ಬಲದಿಂದ. ಜಾತಿಯ ಆ ಮೇಲುಗೈಯನ್ನು ನಾವು ಸಂಕೋಚವಿಲ್ಲದೆ ಬಿಟ್ಟುಬಿಡಬೇಕು. ಬಿಟ್ಟ ಮೇಲೂ ಗಟ್ಟಿಯಾದದ್ದೊಂದು ಉಳಿಯುತ್ತದೆ. ಮನುಸ್ಮೃತಿಯ ಎರಡನೆಯ ಅಧ್ಯಾಯವೂ ತೊಂಬತ್ತು ದಾಟಿದವರಿಗೆ, ರೋಗಿಗೆ ದಾರಿ ಬಿಡಬೇಕೆನ್ನುತ್ತದೆ. ಆದರೆ ಮಹಾಭಾರತದ ಶ್ಲೋಕ ಬಳಸುವ ಷಷ್ಠೀ ವಿಭಕ್ತಿಯನ್ನು ಗಮನಿಸಿ: ಕುರುಡನಿಗೆ ದಾರಿ ಕೊಡಿ ಎಂದು ಅದು ಕೇಳಿಕೊಳ್ಳುವುದಿಲ್ಲ, ದಾರಿ ಕುರುಡನದು ಎನ್ನುತ್ತದೆ. ದಯೆಯ ಮಾತಿಗೂ ಒಡೆತನದ ಮಾತಿಗೂ ಇರುವ ಅಂತರ ಅದು.

ಹೈದರಾಬಾದಿನ ಉಪ್ಪಲ್ ಈ ಪ್ರಶ್ನೆಯನ್ನು ಇಂದು ಕಣ್ಣೆದುರು ನಿಲ್ಲಿಸುತ್ತದೆ. ವರಂಗಲ್ ಕಡೆಯ ಹೆದ್ದಾರಿ ಒಳವರ್ತುಲ ರಸ್ತೆಯನ್ನು ಕೂಡುವ ಜಾಗ ಅದು. 2017ರ ನವೆಂಬರಿನಿಂದ ಮೆಟ್ರೊ ನಿಲ್ದಾಣವೂ ಇದೆ. ಯಾದಗಿರಿಗುಟ್ಟೆಯ ನರಸಿಂಹನ ದರ್ಶನಕ್ಕೆ ಹೊರಟ ವೃದ್ಧರು ಬಸ್ಸು ಹತ್ತುವುದೂ ಇಲ್ಲೇ. 2023ರ ಜೂನ್‌ನಲ್ಲಿ ಈ ಕೂಡುರಸ್ತೆಯ ಮೇಲೆ ಸುಮಾರು 660 ಮೀಟರ್ ಉದ್ದದ ಸ್ಕೈವಾಕ್ ತೆರೆಯಿತು. ಅದಕ್ಕೆ ಲಿಫ್ಟ್ ಇದೆ, ಎಸ್ಕಲೇಟರ್ ಇದೆ. ನುಗ್ಗುವ ಲಾರಿಗಳ ನಡುವೆ ಪ್ರಾಣ ಕೈಯಲ್ಲಿ ಹಿಡಿದು ದಾಟುತ್ತಿದ್ದವರಿಗೆ ಅದು ನಿಜವಾದ ಉಪಕಾರ, ಅದನ್ನು ಹಗುರಾಗಿ ಕಾಣಬಾರದು. ಆದರೂ ಅಲ್ಲಿ ಬದಿಗೆ ಸರಿದವರು ಯಾರು ಎಂದು ಕೇಳಲೇಬೇಕು. ವಾಹನ ನೆಲದ ಮೇಲೆ ನೆಟ್ಟಗೆ ಹೋಗುತ್ತದೆ. ಮಂಡಿನೋವಿನ ಅಜ್ಜಿ, ಗಾಲಿಕುರ್ಚಿಯ ಯುವಕ ಮೇಲೇರಿ, ಸುತ್ತಿ, ಇಳಿಯಬೇಕು. ವಿದ್ಯುತ್ ಹೋದರೆ, ಲಿಫ್ಟ್ ಕೆಟ್ಟರೆ ಅವರ ದಾರಿ ಅಲ್ಲಿಗೇ ಮುಗಿಯಿತು. ಲಿಫ್ಟಿನ ಬಾಗಿಲವರೆಗೆ ಬರುವುದಾದರೂ ಹೇಗೆ? ಉಪ್ಪಲ್‌ನಿಂದ ನಾರಪಳ್ಳಿಗೆ 2018ರಲ್ಲಿ ಶುರುವಾದ ಮೇಲ್ಸೇತುವೆ ವರ್ಷಗಟ್ಟಲೆ ಮುಗಿಯದೆ, ಅದರ ಕೆಳಗಿನ ರಸ್ತೆ ಹೊಂಡ ಮತ್ತು ಧೂಳಿನ ಪಾಲಾಯಿತು. ಎರಡು ಕಡೆಯೂ ನಮ್ಮ ಜಾಣ್ಮೆ, ಹಣ ಎಲ್ಲ ಮೇಲೇರಿದೆ. ನಡೆಯುವವರ ನೆಲ ಹಾಗೇ ಉಳಿದಿದೆ.

ಇದಕ್ಕೆ ಎದುರಾಗುವ ಮಾತುಗಳಲ್ಲಿ ಹಳೆಯದು ಕರ್ಮದ್ದು: ಅಂಗವೈಕಲ್ಯ ಅವರವರು ಪಡೆದುಬಂದದ್ದು, ನಾವೇನು ಮಾಡಲಾದೀತು? ಕರ್ಮವನ್ನು ನಂಬುವವರೊಡನೆ ನಂಬಿಕೆಯ ಒಳಗಿಂದಲೇ ಮಾತಾಡಬಹುದು. ಒಬ್ಬರ ಕಾಲು ಸೋತದ್ದಕ್ಕೆ ಪೂರ್ವಜನ್ಮ ಕಾರಣವೆಂದೇ ಇಟ್ಟುಕೊಳ್ಳೋಣ. ಕಾಲುದಾರಿಗೆ ಒಂದಡಿ ಎತ್ತರದ ಅಂಚು ಕಟ್ಟಿದ್ದು ಈ ಜನ್ಮದಲ್ಲಿ, ಗುತ್ತಿಗೆ ಕೊಟ್ಟು ಮಾಡಿಸಿದ ಕೆಲಸ. ಅದರ ಫಲ ಕಟ್ಟಿಸಿದವರ ಲೆಕ್ಕಕ್ಕೆ ಸೇರಬೇಕು. ಇನ್ನೊಂದು ಮಾತು ಸಂಖ್ಯೆಯದು: ಕೆಲವೇ ಜನರಿಗಾಗಿ ಇಷ್ಟೊಂದು ಖರ್ಚೇ? 2011ರ ಜನಗಣತಿಯಲ್ಲೇ ಅಂಗವಿಕಲರು 2.68 ಕೋಟಿ, ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ಆದರೆ ನಾನು ಈ ಅಂಕಿಗಳ ಮೇಲೆ ವಾದವನ್ನು ನಿಲ್ಲಿಸಲಾರೆ. ಅಷ್ಟಾವಕ್ರನ ಪಟ್ಟಿಯಲ್ಲಿರುವುದು ಒಬ್ಬ ಕುರುಡ. ಆ ಒಬ್ಬನ ಹಕ್ಕು ಎಷ್ಟು ಜನ ಕುರುಡರಿದ್ದಾರೆ ಎಂಬ ಎಣಿಕೆಗೆ ಕಾಯುವುದಿಲ್ಲ.

ಕಾನೂನು ಈ ಹಂತಕ್ಕೆ ಬರಲು ತಡವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಕ್ಕಿನ ಭಾಷೆಯನ್ನೇ ಆಡಿದರೂ, 2017ರ ನಿಯಮಾವಳಿಯ 15ನೇ ನಿಯಮ ಸುಗಮ್ಯತೆಯ ಮಾನದಂಡಗಳನ್ನು ಬರಿಯ ಶಿಫಾರಸಿನಂತೆ ಇಟ್ಟಿತ್ತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ಕಾಯ್ದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. ನ್ಯಾಯಾಲಯ ಆಧರಿಸಿದ ಅಧ್ಯಯನ ಹೈದರಾಬಾದಿನದೇ ಆದ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ್ದು. ಶಿಫಾರಸು ದಾನದಂತೆ, ಕೊಡುವವರ ಮನಸ್ಸಿದ್ದರೆ ಉಂಟು. ಕಡ್ಡಾಯವೆಂದರೆ ಋಣ. ವೈದಿಕ ಪರಂಪರೆ ದೇವ, ಋಷಿ, ಪಿತೃಗಳ ಋಣದ ಜೊತೆಗೆ ಮನುಷ್ಯಋಣವನ್ನೂ ಹೇಳಿದೆ. ಶತಪಥ ಬ್ರಾಹ್ಮಣ ಅದನ್ನು ಹುಟ್ಟಿದೊಡನೆ ಅಂಟುವ ಸಾಲವೆಂದೇ ಎಣಿಸುತ್ತದೆ.

ಆ ಸಾಲ ತೀರಿಸುವ ಕೆಲಸ ತೀರ ಸಣ್ಣದಾಗಿ ಕಾಣಬಹುದು. ಪಾದಚಾರಿ ಸಿಗ್ನಲ್‌ನ ಹೊತ್ತನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಮೇಲೆ ಲೆಕ್ಕ ಹಾಕುತ್ತಾರೆ. 24 ಮೀಟರ್ ಅಗಲದ ರಸ್ತೆಗೆ ಅದು 20 ಸೆಕೆಂಡ್. ಸೆಕೆಂಡಿಗೆ 0.8 ಮೀಟರ್ ನಡೆಯುವ ವೃದ್ಧೆಗೆ 30 ಬೇಕು. ಜನಕ ಬದಿಗೆ ಸರಿದು ನಿಂತದ್ದೂ ಬಹುಶಃ ಆ ಹತ್ತು ಸೆಕೆಂಡಿನಷ್ಟೇ ಹೊತ್ತು.