ದರ್ಜೆ ಬರೆದವರು ಅಳೆದದ್ದೇನು?

ಅಂಗಡಿಯಲ್ಲಿ ಏನನ್ನು ಕೈಗೆತ್ತಿಕೊಂಡರೂ ನಾವು ಗೃಹಸ್ಥರು ಮೊದಲು ಅದನ್ನು ತಿರುಗಿಸಿ ಮುದ್ರೆ ಹುಡುಕುತ್ತೇವೆ. ಜೇನುತುಪ್ಪಕ್ಕೆ ಅಗ್‌ಮಾರ್ಕ್, ಇಸ್ತ್ರಿಪೆಟ್ಟಿಗೆಗೆ ಐಎಸ್‌ಐ, ಚಿನ್ನಕ್ಕೆ ಹಾಲ್‌ಮಾರ್ಕ್. ಬಳೆಯ ಒಳಮೈಯಲ್ಲಿ 916 ಎಂದಿದ್ದರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನವಿದೆ ಎಂದರ್ಥ. ಬೇಕಾದವರು ಪರೀಕ್ಷಿಸಿ ನೋಡಬಹುದು. ಇಂದು ಸತ್ಯವಾದದ್ದು ಮೊಮ್ಮಗಳ ಕಾಲಕ್ಕೂ ಸತ್ಯ. ಆ ಭರವಸೆಯಲ್ಲಿ ಎಲ್ಲ ಮುದ್ರೆಗಳೂ ಹೀಗೆಯೇ ಎಂದು ನಂಬಿಬಿಡುತ್ತೇವೆ. ಹಾಗಲ್ಲ ಎನ್ನುವುದಕ್ಕೆ ಫ್ರಾನ್ಸಿನ ವೈನ್ ದರ್ಜೆಗಳ ಕಥೆ ಕೇಳಬೇಕು. ವೈನ್ ಮುಟ್ಟದವರಿಗೂ ಅದರಲ್ಲಿ ವಿಷಯವಿದೆ.

1855ರಲ್ಲಿ ಮೂರನೆಯ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಸಿದ. ಬೋರ್ಡೊ ಸೀಮೆಯ ವೈನ್‌ಗಳನ್ನು ಅಲ್ಲಿಡಲು ಒಂದು ಪಟ್ಟಿ ಬೇಕಾಯಿತು. ಬೋರ್ಡೊದ ವಾಣಿಜ್ಯ ಮಂಡಳಿ ಅದನ್ನು ಮಾಡಿಕೊಡುವಂತೆ ವೈನ್ ದಲ್ಲಾಳಿಗಳಿಗೆ ಹೇಳಿತು. ಯಾವ ತೋಟದ ವೈನ್ ಬಹುಕಾಲದಿಂದ ಯಾವ ಬೆಲೆಗೆ ಹೋಗುತ್ತಿದೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಅವರು ಕೆಂಪು ವೈನ್‌ಗಳನ್ನು ಐದು ದರ್ಜೆಗೆ ವಿಂಗಡಿಸಿ, ಏಪ್ರಿಲ್ 18ರಂದು ಪಟ್ಟಿ ಕೊಟ್ಟರು. ಮೊದಲ ದರ್ಜೆಗೆ ಬಂದವು ನಾಲ್ಕು: ಲಫೀತ್, ಲತೂರ್, ಮಾರ್ಗೋ, ಓ-ಬ್ರಿಯೋ. ಒಂದು ಪ್ರದರ್ಶನಕ್ಕೆಂದು ಮಾಡಿದ ಆ ಪಟ್ಟಿ ಇವತ್ತಿಗೂ ನಡೆಯುತ್ತಿದೆ. ಇಷ್ಟು ವರ್ಷಗಳಲ್ಲಿ ದರ್ಜೆ ಏರಿದ್ದು ಮೂತೋಂ ರೋಥ್‌ಶೀಲ್ಡ್ ಒಂದೇ, ಅದೂ 1973ರಲ್ಲಿ. ಆದೇಶಕ್ಕೆ ಸಹಿ ಹಾಕಿದ್ದು ಆಗ ಕೃಷಿ ಸಚಿವರಾಗಿದ್ದ ಜಾಕ್ ಶಿರಾಕ್. ಆ ದರ್ಜೆ ಇರುವುದು ತೋಟದ ಹೆಸರಿಗೆ, ನೆಲಕ್ಕಲ್ಲ. ಒಡೆಯರು ಬದಲಾದರು, ಕೆಲವರು ಪಕ್ಕದ ಹೊಲ ಕೊಂಡು ಸೇರಿಸಿಕೊಂಡರು, ದರ್ಜೆ ಮಾತ್ರ ಅಲ್ಲಾಡಲಿಲ್ಲ.

ಫ್ರಾನ್ಸಿನದೇ ಇನ್ನೊಂದು ಸೀಮೆಯಾದ ಬರ್ಗಂಡಿಯಲ್ಲಿ ಲೆಕ್ಕ ಬೇರೆ. ಅಲ್ಲಿ ದರ್ಜೆ ನೆಲಕ್ಕೇ. ಆದರೂ ಸಮಸ್ಯೆ ತಪ್ಪಲಿಲ್ಲ. ಕ್ಲೋ ದ ವೂಜೋ ಎಂಬ ಸುಮಾರು 50 ಹೆಕ್ಟೇರಿನ ತೋಟಕ್ಕೆ ಎಂಬತ್ತರಷ್ಟು ಒಡೆಯರಿದ್ದಾರೆ. ಎಲ್ಲರಿಗೂ ಒಂದೇ ಅತ್ಯುಚ್ಚ ದರ್ಜೆ, ಆದರೆ ಎಲ್ಲರ ಶ್ರದ್ಧೆ ಒಂದೇ ಅಲ್ಲ. ಇಟಲಿಯಲ್ಲಂತೂ ಸಸಿಕಾಯಾ ಎಂಬ ಹೆಸರಾಂತ ವೈನ್, ನಿಯಮದ ಚೌಕಟ್ಟಿಗೆ ಹೊಂದದ ಕಾರಣಕ್ಕೆ, ಬಹುಕಾಲ ಅತಿ ಕೆಳಗಿನ ದರ್ಜೆಯಲ್ಲಿಯೇ ಮಾರಾಟವಾಯಿತು. 1994ರಲ್ಲಿ ಅದಕ್ಕೆ ಅಧಿಕೃತ ಮನ್ನಣೆ ಸಿಕ್ಕಿತು. ಇನ್ನು 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಒಂಬತ್ತು ಮಂದಿ ಫ್ರೆಂಚ್ ತಜ್ಞರ ಮುಂದೆ ಹೆಸರು ಮರೆಮಾಡಿ ವೈನ್ ಇಟ್ಟ. ಕೆಂಪು ವೈನ್‌ಗಳಲ್ಲಿ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್. ಆಗ ಆ ಬಳ್ಳಿಗಳನ್ನು ನೆಟ್ಟು ಹೆಚ್ಚು ವರ್ಷವೂ ಆಗಿರಲಿಲ್ಲ. ಮೂತೋಂ, ಓ-ಬ್ರಿಯೋ ಎರಡೂ ಅದರ ಹಿಂದೆ ಉಳಿದವು. ಹಾಗೆಂದು ಹಳೆಯ ದಲ್ಲಾಳಿಗಳದು ಹುಸಿ ತೀರ್ಪು ಎನ್ನಲಾರೆ. ಅವರು ಮೇಲಿಟ್ಟ ನಾಲ್ಕು ತೋಟಗಳೂ ಇಂದಿಗೂ ಹೆಸರು ಉಳಿಸಿಕೊಂಡಿವೆ. ಎಲ್ಲಿಂದ ಹುಡುಕಲು ಆರಂಭಿಸಬೇಕು ಎನ್ನುವುದಕ್ಕೆ ದರ್ಜೆ ಒಳ್ಳೆಯ ಆಧಾರ. ಹುಡುಕಾಟ ಅಲ್ಲಿಗೇ ಮುಗಿಯಿತು ಎಂದುಕೊಂಡರೆ ಮೋಸಹೋಗುತ್ತೇವೆ.

ಮನುಷ್ಯರ ವಿಷಯದಲ್ಲಿ ನಾವು ಅಲ್ಲಿಗೇ ಮುಗಿಸಿಬಿಡುತ್ತೇವೆ. ಹದಿನೇಳನೆಯ ವಯಸ್ಸಿನ ಅಂಕಪಟ್ಟಿ ನಲವತ್ತನೆಯ ವಯಸ್ಸಿನವರೆಗೂ ಬೆನ್ನು ಬಿಡುವುದಿಲ್ಲ. ಕಾಲೇಜಿನ ಹೆಸರು, ಮನೆತನದ ಹೆಸರು ಕೇಳಿದ ಮೇಲೆ ಮುಂದಿನ ಪ್ರಶ್ನೆಯೇ ಹುಟ್ಟುವುದಿಲ್ಲ. ಆ ದರ್ಜೆ ಕೊಟ್ಟವರು ಯಾರು, ಯಾವಾಗ, ಏನನ್ನು ಅಳೆದು ಎಂದು ನಾವು ವಿಚಾರಿಸುವುದಿಲ್ಲ. ಆ ಹುಡುಗಿ ಆಮೇಲೆ ಎಷ್ಟು ಕಲಿತಳು, ಆ ಹುಡುಗ ಎಷ್ಟು ಪರಿಶ್ರಮಪಟ್ಟ ಎಂಬುದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಇನ್ನೊಮ್ಮೆ ಯಾರಾದರೂ ನಿಮ್ಮ ಅಂಗಡಿಗೋ ಕಚೇರಿಗೋ ಕೆಲಸ ಕೇಳಿಕೊಂಡು ಬಂದಾಗ ಕಾಗದಪತ್ರವನ್ನು ಸ್ವಲ್ಪ ಹೊತ್ತು ಮಗುಚಿಡಿ. ಒಂದು ಕೆಲಸ ಕೊಟ್ಟು, ಅವರು ಅದನ್ನು ಹೇಗೆ ಮಾಡುತ್ತಾರೆ ಎಂದು ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ನೋಡಿ. ಆಮೇಲೆ ನಿರ್ಧರಿಸಿ.