ತಕ್ಕಡಿಯ ಸೊನ್ನೆ

2019ರ ಡಿಸೆಂಬರ್ 26, ಸೂರ್ಯಗ್ರಹಣ. ಮಂಗಳೂರು, ಕಾಸರಗೋಡಿನ ಕಡೆ ಸೂರ್ಯ ಉರಿಯುವ ಬಳೆಯಾದ. ನಮ್ಮ ಕಲಬುರಗಿ ಸೀಮೆಯಲ್ಲಿ ಯಾರೋ ಕಚ್ಚಿಟ್ಟ ರೊಟ್ಟಿಯಂತೆ ಕಂಡ. ಅದೇ ಹೊತ್ತಿಗೆ ನಗರದ ಅಂಚಿನ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಮಟ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದಲ್ಲಿ ಹಾಗಿಟ್ಟರೆ ಅಂಗವೈಕಲ್ಯ ಹೋಗುತ್ತದೆಂಬ ನಂಬಿಕೆ. ಹೂತವರು ಹಗೆಗಳಲ್ಲ, ಹೆತ್ತವರು.

ಎರಡು ತಿಂಗಳಿಗೆ, 2020ರ ಫೆಬ್ರುವರಿಯಲ್ಲಿ, ಇದೇ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿ ಸುದ್ದಿಯಾಯಿತು. ಅಲ್ಲಿಯ ಮೂರೂವರೆ ಶತಮಾನದಷ್ಟು ಹಳೆಯ ಕೋರಣೇಶ್ವರ ಸಂಸ್ಥಾನ ಮಠದ ಸ್ವಾಮೀಜಿ, ಗದಗ ಜಿಲ್ಲೆಯ ಅಸೂಟಿಯ ತಮ್ಮ ಶಾಂತಿಧಾಮದ ಪೀಠಕ್ಕೆ ದಿವಾನ್ ಶರೀಫ್ ಮುಲ್ಲಾ ಎಂಬ ಮುಸ್ಲಿಂ ಯುವಕನನ್ನು ಆರಿಸಿದ್ದರು. ಅಸೂಟಿಯ ಆ ಮಠಕ್ಕೆ ಎರಡು ಎಕರೆ ಹೊಲ ಕೊಟ್ಟವರು ಶರೀಫರ ತಂದೆ. ಬಸವತತ್ವ ಒಪ್ಪಿದವನ ಹುಟ್ಟು ಕೇಳಬಾರದೆಂಬುದು ಸ್ವಾಮೀಜಿಯ ನಿಲುವು.

ಗುಂಡಿ ತೋಡಿಸಿದ್ದೂ ನಂಬಿಕೆ, ಪೀಠ ಕೊಡಿಸಿದ್ದೂ ನಂಬಿಕೆ. ಹಾಗಿದ್ದರೆ ಒಂದಕ್ಕೆ ತಲೆ ತಗ್ಗಿಸುತ್ತೇವೆ, ಇನ್ನೊಂದಕ್ಕೆ ತಲೆ ಬಾಗುತ್ತೇವೆ, ಏಕೆ?

'ದೇವ್ರು ಹಾನೋ, ಇಲ್ಲೋ?' ಎಂಬ ಕಟ್ಟೆಯ ಜಗಳ ಇಲ್ಲಿಗೆ ಬಂದು ತಡವರಿಸುತ್ತದೆ. ಇಲ್ಲ ಎನ್ನುವವನ ಕೈಯಲ್ಲಿ ವಿಜ್ಞಾನವಿದೆ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ಸುಮಾರು 400 ಪಟ್ಟು ದೂರ; ಅದಕ್ಕೇ ಚಿಕ್ಕ ಚಂದ್ರ ದೊಡ್ಡ ಸೂರ್ಯನನ್ನು ಮುಚ್ಚಬಲ್ಲ. ಮುಂದಿನ ಗ್ರಹಣ ಎಂದು, ಎಲ್ಲಿ ಎಂಬುದನ್ನು ಲೆಕ್ಕ ಮೊದಲೇ ಹೇಳುತ್ತದೆ. ರಾಹುವಿಗೆ ಅದರಲ್ಲಿ ಕೆಲಸವಿಲ್ಲ. ನೆರಳು ಬಿದ್ದರೆ ಎಲುಬು ನೆಟ್ಟಗಾಗದು ಎಂಬುದೂ ಅದೇ ಲೆಕ್ಕದ ಮಾತು. ನಂಬಿಕೆ ಮೈಯ ತಂಟೆಗೆ ಬಂದ ಮೇಲೆ ವಿಜ್ಞಾನದ ಪರೀಕ್ಷೆಗೂ ಕೂಡಬೇಕು. ನೋಯುವ ಮೈ ಮಗುವಿನದು.

ಆದರೆ ಆ ಲೆಕ್ಕ ಗುಂಡಿಯ ಬಾಯಿಗೆ ಬಂದು ನಿಲ್ಲುತ್ತದೆ. ಮಣ್ಣು ಮಗುವಿನ ಕಾಲು ನೆಟ್ಟಗೆ ಮಾಡದು ಎಂದು ಅದು ಹೇಳೀತು; ಮಗುವಿನ ಅಳು ನನ್ನನ್ನೇಕೆ ಕಲಕಬೇಕು ಎಂದು ಹೇಳದು.

ಹಾಗಾದರೆ ಅದನ್ನು ದೇವರೇ ಹೇಳಿಕೊಟ್ಟನೆನ್ನೋಣವೇ? ದೇವರು ಹೇಳಿದ್ದರಿಂದ ಒಳ್ಳೆಯದು ಒಳ್ಳೆಯದಾಯಿತೆ, ಒಳ್ಳೆಯದಾದ್ದರಿಂದ ದೇವರು ಹೇಳಿದನೆ? ಮೊದಲಿನದು ನಿಜವಾದರೆ, ಹೂಳೆಂದು ಅವನು ಹೇಳಿದ ದಿನ ಹೂಳುವುದೂ ಧರ್ಮವೇ. ಭಕ್ತನೂ ಅದನ್ನು ಒಪ್ಪಲಾರ. 'ನಮ್ಮ ದೇವರು ಅಂಥದ್ದು ಹೇಳೂದಿಲ್ಲ' ಎನ್ನುತ್ತಾನೆ. ಹಾಗೆನ್ನುವಾಗ ಅವನು ತನ್ನ ದೇವರನ್ನೂ ತೂಗಿಯೇ ಮಾತಾಡುತ್ತಿದ್ದಾನೆ. ತೂಕದ ಕಲ್ಲು ಅವನ ಕೈಯಲ್ಲೇ ಇತ್ತು. ನಾಸ್ತಿಕನ ಕೈಯಲ್ಲಿರುವುದೂ ಅದೇ ಕಲ್ಲು.

ಅದನ್ನು ಅಲ್ಲಿಟ್ಟವರು ಯಾರು? ಆಸ್ತಿಕ ಮೇಲಕ್ಕೆ ಬೆರಳು ತೋರುತ್ತಾನೆ, ನಾಸ್ತಿಕ ಹಿಂದಕ್ಕೆ, ಕೂಡಿ ಬದುಕಿದ ಪೂರ್ವಜರ ಕಡೆಗೆ. ಆ ವಾದ ನಡೆಯಲಿ. ಅದು ತೀರುವವರೆಗೆ ಮಗು ಮಣ್ಣಿನಲ್ಲಿ ಕಾಯಬೇಕಿಲ್ಲ, ಮಠದ ಹೊಸ್ತಿಲಲ್ಲಿ ನಿಂತವನೂ ಕಾಯಬೇಕಿಲ್ಲ.

ನಮ್ಮಲ್ಲಿ ತೊಗರಿ ಮಾರಲು ಹೋದ ರೈತ ಚೀಲ ಏರಿಸುವ ಮೊದಲು ಕಾಟಾದ ಹಲಗೆಯ ಮೇಲೆ ಕೈಯಾಡಿಸಿ ಧೂಳು ಜಾಡಿಸುತ್ತಾನೆ. ಆಮೇಲೆ ಬಗ್ಗಿ ಕೆಂಪು ಅಂಕಿ ನೋಡುತ್ತಾನೆ. 'ಮೊದಲ ಸೊನ್ನೀ ತೋರ್ಸಪಾ.' ಖಾಲಿ ಇದ್ದಾಗಲೇ ಅರ್ಧ ಕಿಲೋ ತೋರುವ ಕಾಟಾದ ಮೇಲೆ ಎಂಥ ಚಿನ್ನದಂಥ ತೊಗರಿ ಇಟ್ಟರೇನು, ತೂಕ ಸುಳ್ಳೇ.

ದೇವರ ಮಾತು ತೆಗೆದಾಗಲೂ ನನಗೆ ಆ ರೈತ ನೆನಪಾಗುತ್ತಾನೆ. ನಾವು ತಕ್ಕಡಿಗೆ ಬರುವಾಗ ನಮ್ಮ ಜಾತಿ, ನಮ್ಮ ಭಯ, ಗೆಲ್ಲಬೇಕೆಂಬ ಹಟ ಮೊದಲೇ ಹಲಗೆಯ ಮೇಲೆ ಕೂತಿರುತ್ತವೆ. ಖಜೂರಿಯ ಮಠ ಅಂದು ಹುಟ್ಟಿನ ಭಾರವನ್ನು ಇಳಿಸಿಟ್ಟು ತೂಗಿತು. ಕಂಡದ್ದು ಮನುಷ್ಯನ ತೂಕ.